ಒಂದಕ್ಕಿಂತ ಹೆಚ್ಚು ಚರಾಕ್ಷರಗಳಿರುವ ಬಹುಪದೋಕ್ತಿಯ ಡಿಗ್ರಿ ಕಂಡುಹಿಡಿಯುವುದು ಹೇಗೆ?

ಕೆಳಗಿನ ಬಹುಪದೋಕ್ತಿಯ ಡಿಗ್ರಿ ಎಷ್ಟು? ಪುಸ್ತಕಗಳಲ್ಲಿ ಎಕ್ಸ್, ವೈ, ಝಡ್ ಇರುವ ಜಾಗದಲ್ಲಿ ಇಲ್ಲಿ ಕ, ಗ, ಚ ಎಂದು ಬರೆದಿದೆ.

4ಕ³ಗ² − 9ಕ⁴ + 2⁶ಕಗಚ − ಗ⁵ಚ + 11

ಹೊಸದಾಗಿ ಕಲಿಯುವವರಿಂದ ಇದಕ್ಕೆ 5, 10, 18, 6 ಎಂಬ ನಾಲ್ಕು ಉತ್ತರಗಳು ಬರಬಹುದು. ಸರಿಯಾದದ್ದು 6. ಉಳಿದ ಮೂರೂ ಲೆಕ್ಕ ತಪ್ಪಿ ಬಂದವಲ್ಲ, ಕ್ರಮ ತಪ್ಪಿ ಬಂದವು. ಅಕ್ಷರಗಳ ಮೇಲೆ ಕಣ್ಣಿಗೆ ಬಿದ್ದ ಘಾತಾಂಕಗಳಲ್ಲಿ ದೊಡ್ಡದನ್ನು ಹೆಕ್ಕಿದವರಿಗೆ 5 ಸಿಗುತ್ತದೆ. ಕ-ದ ದೊಡ್ಡ ಘಾತಾಂಕ 4, ಗ-ದ ದೊಡ್ಡದು 5, ಚ-ದ ದೊಡ್ಡದು 1 ಎಂದು ಬೇರೆ ಬೇರೆ ಪದಗಳಿಂದ ತಂದು ಕೂಡಿಸಿದವರಿಗೆ 10. ಅಕ್ಷರಗಳ ಮೇಲಿರುವ ಎಲ್ಲ ಘಾತಾಂಕಗಳನ್ನೂ ಒಟ್ಟು ಹಾಕಿದವರಿಗೆ 18. ನಿಮ್ಮ ಉತ್ತರ ಇವುಗಳಲ್ಲಿ ಯಾವುದಾಗಿತ್ತು ಎಂದು ನೋಡಿಕೊಂಡರೆ ಎಲ್ಲಿ ದಾರಿ ತಪ್ಪಿತು ಎಂಬುದು ಗೊತ್ತಾಗುತ್ತದೆ.

ನಿಯಮ ಚಿಕ್ಕದು. ಒಂದು ಪದದ ಒಳಗೆ ಘಾತಾಂಕಗಳನ್ನು ಕೂಡಿಸಬೇಕು. ಪದ ಮತ್ತು ಪದದ ನಡುವೆ ಹೋಲಿಸಬೇಕು, ಕೂಡಿಸಬಾರದು. ಮೇಲಿನ ಉದಾಹರಣೆಯನ್ನು ಪದಪದವಾಗಿ ಬಿಡಿಸಿದರೆ ಹೀಗೆ:

4ಕ³ಗ² : 3 + 2 = 5
−9ಕ⁴ : 4
2⁶ಕಗಚ : 1 + 1 + 1 = 3
−ಗ⁵ಚ : 5 + 1 = 6
11 : 0

ಇವುಗಳಲ್ಲಿ ದೊಡ್ಡದು 6. ಅದೇ ಬಹುಪದೋಕ್ತಿಯ ಡಿಗ್ರಿ.

ಹೆಸರುಗಳ ಗೋಜಲು

ಕಾಸರಗೋಡು, ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಕಿವಿಗೆ ಈ ವಿಷಯದಲ್ಲಿ ಮೂರು ಭಾಷೆಯ ಮಾತುಗಳು ಬೀಳುತ್ತವೆ. ಕನ್ನಡದಲ್ಲಿ ಡಿಗ್ರಿಗೆ ‘ಮಹತ್ತಮ ಘಾತ’ ಎಂಬ ಹೆಸರು ಬಳಕೆಯಲ್ಲಿದೆ. ಪಕ್ಕದ ಮಲಯಾಳ ಮಾಧ್ಯಮದ ಕ್ಲಾಸಿನಲ್ಲಿ ಅದು ‘ಕೃತಿ’. ನಮ್ಮ ವರ್ಗ ಸಮೀಕರಣ ಅಲ್ಲಿ ‘ರಂಡಾಂಕೃತಿ ಸಮವಾಕ್ಯ’. ಪ್ಲಸ್ ವನ್‌ಗೆ (11ನೇ ತರಗತಿಗೆ) ಹೋದರೆ ಪಾಲಿನಾಮಿಯಲ್, ಡಿಗ್ರಿ, ವೇರಿಯಬಲ್ ಎಂಬ ಇಂಗ್ಲಿಷ್ ಹೆಸರುಗಳು. ಹಳೆಯ ಸಂಸ್ಕೃತ ಗಣಿತದಲ್ಲಿ ಕೃತಿ ಎಂದರೆ ಬರೀ ವರ್ಗ, ಅಂದರೆ ಎರಡನೇ ಘಾತ ಮಾತ್ರ. ಹಾಗಾಗಿ ಆ ಪದದ ಅರ್ಥವನ್ನು ಹಿಡಿದು ಹೊರಟರೂ ಸರಿಯಾದ ಜಾಗಕ್ಕೆ ತಲುಪುವುದಿಲ್ಲ.

‘ಮಹತ್ತಮ ಘಾತ’ ಎಂಬ ಹೆಸರಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಒಂದೇ ಚರಾಕ್ಷರ ಇದ್ದಾಗ ಅದು ಅಚ್ಚುಕಟ್ಟಾಗಿ ಹೊಂದುತ್ತದೆ: 3ಕ⁷ − ಕ² + 5 ರಲ್ಲಿ ಅತಿ ದೊಡ್ಡ ಘಾತ 7, ಡಿಗ್ರಿಯೂ 7. ಎರಡನೇ ಅಕ್ಷರ ಬಂದ ಕೂಡಲೇ ಆ ಹೆಸರು ಕೈಕೊಡುತ್ತದೆ. ‘ಅತಿ ದೊಡ್ಡ ಘಾತ ಯಾವುದು’ ಎಂದು ಹುಡುಕುವ ಕಣ್ಣು ಗ⁵ ಮೇಲೆ ನಿಲ್ಲುತ್ತದೆ, ಅದರ ಪಕ್ಕದ ಚ-ವನ್ನು ನೋಡುವುದೇ ಇಲ್ಲ. ಮೇಲಿನ 5 ಎಂಬ ತಪ್ಪು ಉತ್ತರದ ಹಿಂದೆ ಇರುವುದು ಬಹುಮಟ್ಟಿಗೆ ಈ ಹೆಸರೇ. ಆದ್ದರಿಂದ ಇಲ್ಲಿ ಅಕ್ಷರದ ತಲೆಯ ಮೇಲಿನ ಚಿಕ್ಕ ಸಂಖ್ಯೆಗೆ ‘ಘಾತಾಂಕ’ ಎಂದೂ, ಒಂದು ಪದದೊಳಗಿನ ಘಾತಾಂಕಗಳ ಮೊತ್ತಕ್ಕೆ ‘ಪದದ ಡಿಗ್ರಿ’ ಎಂದೂ ಬೇರೆ ಬೇರೆಯಾಗಿ ಹೇಳಿದೆ. ಈ ಎರಡನ್ನು ಒಂದೇ ಹೆಸರಿನಿಂದ ಕರೆಯದಿದ್ದರೆ ಅರ್ಧ ತಪ್ಪು ತಾನಾಗಿ ನಿಲ್ಲುತ್ತದೆ.

ಕೈಹಾಕುವ ಮೊದಲು ನೋಡಬೇಕಾದ್ದು

ಮೊದಲ ಪ್ರಶ್ನೆ: ಯಾವ ಅಕ್ಷರಗಳು ಚರಾಕ್ಷರ, ಯಾವುವು ಸ್ಥಿರಾಂಕ? ಪಕ²ಗ + ಪ³ಕ ಎಂದು ಕೊಟ್ಟು, ಪ ಒಂದು ನಿಶ್ಚಿತ ಸಂಖ್ಯೆ ಎಂದು ಹೇಳಿದ್ದರೆ ಪ-ವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಪದಗಳ ಡಿಗ್ರಿ 3 ಮತ್ತು 1, ಉತ್ತರ 3. ಪ-ವೂ ಚರಾಕ್ಷರವಾದರೆ ಎರಡೂ ಪದಗಳ ಡಿಗ್ರಿ 4, ಉತ್ತರವೂ 4. ಉಕ್ತಿ ಅದೇ, ಉತ್ತರ ಬೇರೆ. ಪ್ರಶ್ನೆಯಲ್ಲಿ ಇದನ್ನು ಹೇಳದಿದ್ದರೆ ‘ಎಲ್ಲ ಅಕ್ಷರಗಳೂ ಚರಾಕ್ಷರಗಳೆಂದು ತೆಗೆದುಕೊಂಡಿದೆ’ ಎಂದು ಉತ್ತರದ ಮೊದಲ ಸಾಲಿನಲ್ಲೇ ಬರೆಯುವುದು ಒಳ್ಳೆಯದು.

ಎರಡನೆಯದು, ಕೊಟ್ಟಿರುವುದು ಬಹುಪದೋಕ್ತಿ ಹೌದೇ? ಚರಾಕ್ಷರದ ಘಾತಾಂಕ 0, 1, 2, 3 ಹೀಗೆ ಪೂರ್ಣ ಸಂಖ್ಯೆಯೇ ಆಗಿರಬೇಕು. ಛೇದದಲ್ಲಿ ಚರಾಕ್ಷರ ಇದ್ದರೆ, ಉದಾಹರಣೆಗೆ ಕ² + 3⁄ಗ, ಅದು ಗ⁻¹ ಆಯಿತು, ಬಹುಪದೋಕ್ತಿ ಅಲ್ಲ. ವರ್ಗಮೂಲದ ಒಳಗೆ ಚರಾಕ್ಷರ ಇದ್ದರೂ ಅಲ್ಲ, ಘಾತಾಂಕದ ಜಾಗದಲ್ಲೇ ಚರಾಕ್ಷರ ಕೂತಿದ್ದರೂ (2ᵏ ಎಂದು ಬರೆಯುವ ಬಗೆಯದು) ಅಲ್ಲ. ಆದರೆ √7ಕ²ಗ ರಲ್ಲಿ ಮೂಲದ ಚಿಹ್ನೆಯ ಒಳಗಿರುವುದು 7 ಮಾತ್ರ. ಅದು ಬರೀ ಸಹಗುಣಕ, ಅಂದರೆ ಅಕ್ಷರಗಳನ್ನು ಗುಣಿಸುವ ಸಂಖ್ಯೆ; ಡಿಗ್ರಿ 3.

ಮೂರನೆಯದು ಸಹಗುಣಕಗಳ ಮೇಲಿನ ಘಾತಾಂಕ. 2⁶ಕಗಚ ಕಂಡಾಗ 6 + 3 = 9 ಎಂದು ಬರೆಯುವವರಿದ್ದಾರೆ. 2⁶ ಎಂದರೆ 64, ಅಷ್ಟೇ. 64ಕಗಚ ಎಂದು ಬರೆದುಕೊಂಡರೆ ಆ ಗೊಂದಲವೇ ಇಲ್ಲ. ಹಾಗೆಯೇ ಘಾತಾಂಕ ಬರೆದಿಲ್ಲದ ಅಕ್ಷರಕ್ಕೆ 1 ಎಂದು ಅರ್ಥ. ಅದನ್ನು 0 ಎಂದು ಎಣಿಸಿದರೆ ಕಗಚ-ದ ಡಿಗ್ರಿ ಸೊನ್ನೆಯಾಗಿಬಿಡುತ್ತದೆ. ಕಲಿಯುವ ಮೊದಲ ಕೆಲವು ದಿನ ಪೆನ್ಸಿಲಿನಲ್ಲಿ ಕ¹ಗ¹ಚ¹ ಎಂದು ತುಂಬಿಸಿ ಬರೆಯುವ ಅಭ್ಯಾಸ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಒಂದೇ ಪದ ಇರುವ ಕಂಸದ ಮೇಲೆ ಘಾತಾಂಕ ಇದ್ದರೆ ಅದು ಒಳಗಿನ ಪ್ರತಿ ಘಾತಾಂಕವನ್ನೂ ಗುಣಿಸುತ್ತದೆ: (ಕಗ²)³ = ಕ³ಗ⁶, ಡಿಗ್ರಿ 9. ಇಲ್ಲಿ 1 + 2 + 3 = 6 ಎಂದು ಬರೆಯುವುದು ತುಂಬ ಸಾಮಾನ್ಯವಾದ ತಪ್ಪು.

ಕಂಸ ಬಿಡಿಸಿ, ಸಜಾತಿ ಪದಗಳನ್ನು ಸೇರಿಸಿದ ಮೇಲೆಯೇ ಡಿಗ್ರಿ

ಡಿಗ್ರಿ ಎಂಬುದು ಬರೆದಿಟ್ಟ ರೂಪದ ಗುಣವಲ್ಲ, ಸುಲಭೀಕರಿಸಿದ ಮೇಲೆ ಉಳಿಯುವ ಪದಗಳ ಗುಣ. (ಕ² + ಗ)² − (ಕ² − ಗ)² ನೋಡಿ. ಎರಡು ಕಂಸಗಳಲ್ಲೂ ಕ⁴ ಹುಟ್ಟುತ್ತದೆ, ಹಾಗಾಗಿ ಡಿಗ್ರಿ 4 ಎಂದು ಕಾಣುತ್ತದೆ. ಬಿಡಿಸಿದರೆ ಕ⁴ ಮತ್ತು ಕ⁴, ಗ² ಮತ್ತು ಗ² ಒಂದನ್ನೊಂದು ಕಳೆದುಹೋಗಿ ಉಳಿಯುವುದು 4ಕ²ಗ ಒಂದೇ. ಡಿಗ್ರಿ 3.

ದೊಡ್ಡ ಉಕ್ತಿಗಳಲ್ಲಿ ಎಲ್ಲವನ್ನೂ ಬಿಡಿಸುತ್ತಾ ಕೂರಬೇಕಾಗಿಲ್ಲ. ಮೇಲಿನಿಂದ ಕೆಳಕ್ಕೆ ಇಳಿಯಿರಿ. ಬರಬಹುದಾದ ಅತಿ ದೊಡ್ಡ ಡಿಗ್ರಿಯ ಪದಗಳನ್ನು ಮಾತ್ರ ಮೊದಲು ಹೆಕ್ಕಿ: ಇಲ್ಲಿ ಡಿಗ್ರಿ 4ರ ಪದಗಳು ಕ⁴ − ಕ⁴, ಮೊತ್ತ ಸೊನ್ನೆ. ಒಂದು ಮೆಟ್ಟಿಲು ಇಳಿದು ಡಿಗ್ರಿ 3ರ ಪದಗಳು: 2ಕ²ಗ + 2ಕ²ಗ = 4ಕ²ಗ. ಸೊನ್ನೆಯಲ್ಲ, ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಏನಿದ್ದರೂ ಉತ್ತರ ಬದಲಾಗುವುದಿಲ್ಲ.

ಬರೀ ಗುಣಾಕಾರವಾದರೆ ಇಷ್ಟೂ ಬೇಡ. ಸಹಗುಣಕಗಳು ಸಾಮಾನ್ಯ ಸಂಖ್ಯೆಗಳಾಗಿರುವಾಗ ಗುಣಲಬ್ಧದ ಡಿಗ್ರಿ ಎಂದರೆ ಅಪವರ್ತನಗಳ ಡಿಗ್ರಿಗಳ ಮೊತ್ತ. (ಕ²ಗ + 3ಚ)(ಕಗ³ − ಚ² + 1) ರಲ್ಲಿ ಮೊದಲನೆಯದರ ಡಿಗ್ರಿ 3, ಎರಡನೆಯದರದ್ದು 4, ಗುಣಲಬ್ಧದ್ದು 7. ಇಲ್ಲಿ ಮೇಲಿನ ಪದಗಳು ಒಂದನ್ನೊಂದು ಕಳೆದುಹಾಕುವ ಭಯ ಯಾಕಿಲ್ಲ? ಪ್ರತಿ ಕಂಸದಲ್ಲೂ ಅತಿ ದೊಡ್ಡ ಡಿಗ್ರಿಯ ಪದಗಳಲ್ಲಿ ಕ-ದ ಘಾತಾಂಕ ಹೆಚ್ಚು ಇರುವುದನ್ನು ಆರಿಸಿ. ಅದು ಸಮನಾಗಿದ್ದರೆ ಗ-ದ ಘಾತಾಂಕ ಹೆಚ್ಚಿರುವುದನ್ನು. ಅದೂ ಸಮನಾದರೆ ಚ-ದ್ದನ್ನು. ಹೀಗೆ ಆರಿಸಿದ ಎರಡು ಪದಗಳನ್ನು ಗುಣಿಸಿದಾಗ ಬರುವ ಪದ ಬೇರೆ ಯಾವ ಜೋಡಿಯಿಂದಲೂ ಹುಟ್ಟಲಾರದು. ಅದನ್ನು ಕಳೆಯಲು ಎದುರಿಗೆ ಸಜಾತಿ ಪದವೇ ಇಲ್ಲದ ಮೇಲೆ ಅದು ಉಳಿಯಲೇಬೇಕು.

ಕೂಡುವಿಕೆಗೆ ಈ ಭರವಸೆ ಇಲ್ಲ. (ಕ³ಗ + ಗ²) ಮತ್ತು (−ಕ³ಗ + ಕ) ಎರಡರ ಡಿಗ್ರಿಯೂ 4, ಮೊತ್ತ ಗ² + ಕ, ಡಿಗ್ರಿ 2. ಮೊತ್ತದ ಡಿಗ್ರಿ ಎರಡರಲ್ಲಿ ದೊಡ್ಡದನ್ನು ಮೀರುವುದಿಲ್ಲ ಎಂದಷ್ಟೇ ಹೇಳಬಹುದು.

ಒಂದು ಟಾಂಕಿಯ ಲೆಕ್ಕ

ಸುರಂಗದ ನೀರು ಬಂದು ಬೀಳುವ ಟಾಂಕಿಯೊಂದನ್ನು ಅಡಿಕೆ ತೋಟದ ಮೇಲ್ಬದಿಯಲ್ಲಿ ಕಟ್ಟುವುದಿದೆ ಎಂದಿಟ್ಟುಕೊಳ್ಳಿ. ಒಳಗಿನ ಉದ್ದ ಉ, ಅಗಲ ಅ, ಎತ್ತರ ಎ. ಗೋಡೆಗೂ ತಳಕ್ಕೂ ಒಂದೇ ದಪ್ಪ ದ. ಮೇಲ್ಭಾಗ ತೆರೆದೇ ಇರುತ್ತದೆ. ನೀರು ಹಿಡಿಯುವ ಜಾಗ ಉಅಎ, ಡಿಗ್ರಿ 3. ಗೋಡೆ ಮತ್ತು ತಳಕ್ಕೆ ಬೇಕಾಗುವ ಸಾಮಗ್ರಿಯ ಗಾತ್ರ ಎಂದರೆ ಹೊರಗಿನ ಗಾತ್ರದಿಂದ ಒಳಗಿನದನ್ನು ಕಳೆದದ್ದು:

(ಉ + 2ದ)(ಅ + 2ದ)(ಎ + ದ) − ಉಅಎ

ಉದ್ದ, ಅಗಲಗಳಿಗೆ ಎರಡೂ ಬದಿಯ ಗೋಡೆ ಸೇರುವುದರಿಂದ 2ದ. ಎತ್ತರಕ್ಕೆ ತಳ ಮಾತ್ರ ಸೇರುವುದರಿಂದ ದ. ಬಿಡಿಸಿದರೆ ಉಅಎ ಕಳೆದುಹೋಗಿ ಏಳು ಪದಗಳು ಉಳಿಯುತ್ತವೆ:

ಉಅದ + 2ಉಎದ + 2ಅಎದ + 2ಉದ² + 2ಅದ² + 4ಎದ² + 4ದ³

ಪ್ರತಿ ಪದದ ಡಿಗ್ರಿಯನ್ನೂ ಎಣಿಸಿ ನೋಡಿ: ಏಳಕ್ಕೆ ಏಳೂ 3. ಏಳು ಪದಗಳು ಸಮನಾಗಿ ನಿಂತವು ಎಂದು 21 ಆಗುವುದಿಲ್ಲ, ಡಿಗ್ರಿ 3. ಹೀಗೆ ಎಲ್ಲ ಪದಗಳ ಡಿಗ್ರಿಯೂ ಒಂದೇ ಆಗಿರುವ ಬಹುಪದೋಕ್ತಿಗೆ ಸಮಘಾತೀಯ ಎಂದು ಹೆಸರು. ಇದು ಆಕಸ್ಮಿಕವಲ್ಲ. ನಾಲ್ಕು ಅಕ್ಷರಗಳೂ ಉದ್ದವನ್ನು ಅಳೆಯುತ್ತವೆ, ಉತ್ತರ ಗಾತ್ರವಾಗಿರಬೇಕು, ಗಾತ್ರಕ್ಕೆ ಮೀಟರನ್ನು ಮೂರು ಸಲ ಗುಣಿಸಬೇಕು. ಬಿಡಿಸುವಾಗ ಎಲ್ಲೋ 2ಉದ ಎಂಬ ಪದ ಬಂದಿದ್ದರೆ, ಅದರ ಡಿಗ್ರಿ 2 ಎಂಬುದನ್ನು ಕಂಡ ಕೂಡಲೇ ಅಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಹೇಳಬಹುದು. ಲೆಕ್ಕವನ್ನು ಮೊದಲಿನಿಂದ ಮಾಡದೆ ತಪ್ಪು ಹಿಡಿಯುವುದಕ್ಕೆ ಇಷ್ಟು ಸುಲಭದ ಉಪಾಯ ಬೀಜಗಣಿತದಲ್ಲಿ ಕಡಿಮೆ.

ಈಗ ಗೋಡೆಯ ದಪ್ಪ 20 ಸೆಂಟಿಮೀಟರ್, ಅಂದರೆ 0.2 ಮೀಟರ್ ಎಂದು ನಿಶ್ಚಯವಾಯಿತು. ದ ಇನ್ನು ಚರಾಕ್ಷರವಲ್ಲ:

0.2ಉಅ + 0.4ಉಎ + 0.4ಅಎ + 0.08ಉ + 0.08ಅ + 0.16ಎ + 0.032

ಡಿಗ್ರಿ 2ಕ್ಕೆ ಇಳಿಯಿತು, ಸಮಘಾತೀಯವೂ ಉಳಿಯಲಿಲ್ಲ. ಟಾಂಕಿ ಬದಲಾಗಿಲ್ಲ, ಉತ್ತರ ಇನ್ನೂ ಘನ ಮೀಟರಿನಲ್ಲೇ ಇದೆ. ಕಾಣೆಯಾದ ಮೀಟರುಗಳು 0.2, 0.08 ಎಂಬ ಸಹಗುಣಕಗಳ ಒಳಗೆ ಸೇರಿಕೊಂಡಿವೆ. ಒಳಗಿನ ಅಳತೆ 3, 2, 1.5 ಮೀಟರ್ ಆದರೆ ಮೊತ್ತ 4.872 ಘನ ಮೀಟರ್. ಹೊರಗಿನ ಅಳತೆಯಿಂದಲೂ ತಾಳೆ ನೋಡಿ: 3.4 × 2.4 × 1.7 = 13.872, ಅದರಲ್ಲಿ 9 ಕಳೆದರೆ 4.872. ಯಾವುದು ಚರಾಕ್ಷರ ಎಂದು ಮೊದಲೇ ಕೇಳಬೇಕು ಎಂದದ್ದು ಇದಕ್ಕೇ.

ಇದೇ ಏಳು ಪದಗಳ ಉಕ್ತಿಯಲ್ಲಿ ಒಂದೊಂದೇ ಅಕ್ಷರದ ಡಿಗ್ರಿಯನ್ನೂ ಕೇಳಬಹುದು. ದ-ವನ್ನು ಕುರಿತ ಡಿಗ್ರಿ 3. ಉ-ವನ್ನು ಕುರಿತ ಡಿಗ್ರಿ 1, ಏಕೆಂದರೆ ಉ² ಎಲ್ಲಿಯೂ ಇಲ್ಲ. ಪ್ರಶ್ನೆಯಲ್ಲಿ ‘ಬಹುಪದೋಕ್ತಿಯ ಡಿಗ್ರಿ’ ಎಂದು ಮಾತ್ರ ಇದ್ದರೆ ಎಲ್ಲ ಅಕ್ಷರಗಳನ್ನೂ ಸೇರಿಸಿದ ಡಿಗ್ರಿ. ‘ಕ-ವನ್ನು ಕುರಿತು’ ಎಂದಿದ್ದರೆ ಉಳಿದ ಅಕ್ಷರಗಳನ್ನು ಸಂಖ್ಯೆಗಳಂತೆ ಬದಿಗಿಟ್ಟು ಕ-ದ ಘಾತಾಂಕ ಮಾತ್ರ. ಉತ್ತರ ತಾಳೆ ನೋಡಲು ಇವೆರಡರ ನಡುವಿನ ಸಂಬಂಧ ನೆನಪಿಟ್ಟುಕೊಳ್ಳಿ: ಒಟ್ಟು ಡಿಗ್ರಿ ಒಂಟಿ ಡಿಗ್ರಿಗಳಲ್ಲಿ ದೊಡ್ಡದಕ್ಕಿಂತ ಕಡಿಮೆ ಇರಲಾರದು, ಅವೆಲ್ಲವುಗಳ ಮೊತ್ತಕ್ಕಿಂತ ಹೆಚ್ಚು ಇರಲಾರದು. ಮೊದಲ ಉದಾಹರಣೆಯಲ್ಲಿ ಒಂಟಿ ಡಿಗ್ರಿಗಳು 4, 5, 1. ಹಾಗಾಗಿ ಉತ್ತರ 5 ಮತ್ತು 10ರ ನಡುವೆ ಇರಬೇಕು. 6 ಅಲ್ಲಿ ಹೊಂದುತ್ತದೆ, 18 ಹೊಂದುವುದೇ ಇಲ್ಲ.

ಕಗ ಯಾಕೆ ರೇಖಾತ್ಮಕ ಅಲ್ಲ

ಎರಡು ಅಕ್ಷರಗಳಿಗೂ ಘಾತಾಂಕ 1 ಇರುವುದರಿಂದ ಕಗ-ವನ್ನು ಒಂದನೇ ಡಿಗ್ರಿಗೆ ಸೇರಿಸುವವರು ಬಹಳ. ಜಾಗದ ಅಳತೆಯಿಂದ ಇದನ್ನು ಪರೀಕ್ಷಿಸಬಹುದು. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ; 10 ಸೆಂಟ್ಸ್ ಆಯತಾಕಾರದ ಜಾಗಕ್ಕೆ ಉಅ = 4356. ಅಗಲ 33 ಅಡಿಯಾದರೆ ಉದ್ದ 132. ಅಗಲ 44 ಆದರೆ ಉದ್ದ 99. ಅಗಲ 66 ಆದರೆ ಉದ್ದವೂ 66. ಅಗಲ 11 ಅಡಿ ಹೆಚ್ಚಿದಾಗ ಉದ್ದ 33 ಅಡಿ ಇಳಿಯಿತು. ಮುಂದೆ ಅದೇ 33 ಅಡಿ ಇಳಿಯಲು ಅಗಲ 22 ಅಡಿ ಹೆಚ್ಚಬೇಕಾಯಿತು. ನಕ್ಷೆ ಹಾಕಿದರೆ ಸರಳರೇಖೆ ಬರುವುದಿಲ್ಲ, ಬಾಗಿದ ಗೆರೆ ಬರುತ್ತದೆ. ಬೇಲಿಯ ಅಳತೆ 2ಉ + 2ಅ ಮಾತ್ರ ನಿಜವಾಗಿ ಒಂದನೇ ಡಿಗ್ರಿಯದು.

ನಮ್ಮ ಹಳೆಯ ಗಣಿತಜ್ಞರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಬೇರೆ ಬೇರೆ ಅವ್ಯಕ್ತಗಳಿಗೆ ಯಾವತ್ತಾವತ್, ಕಾಲಕ, ನೀಲಕ, ಪೀತಕ ಎಂದು ಹೆಸರಿಟ್ಟು ಯಾ, ಕಾ, ನೀ, ಪೀ ಎಂದು ಚುಟುಕಾಗಿ ಬರೆಯುತ್ತಿದ್ದರು. ಎರಡು ಬೇರೆ ಅವ್ಯಕ್ತಗಳ ಗುಣಲಬ್ಧಕ್ಕೆ ‘ಭಾವಿತ’ ಎಂಬ ಪ್ರತ್ಯೇಕ ಹೆಸರೇ ಇತ್ತು. ಕ ಎಂದೂ ಗ ಎಂದೂ ಹೇಳುವುದು ಬೇರೆ, ಕಗ ಎಂಬ ಭಾವಿತ ಬೇರೆ.

ಉತ್ತರವನ್ನು ಪರೀಕ್ಷಿಸುವ ಉಪಾಯ

ಎಲ್ಲ ಚರಾಕ್ಷರಗಳ ಜಾಗದಲ್ಲೂ ಒಂದೇ ತ ಹಾಕಿ, ತ-ದ ದೊಡ್ಡ ಘಾತಾಂಕ ನೋಡಿದರಾಯಿತು ಎಂದು ಕೆಲವರು ಹೇಳಿಕೊಡುತ್ತಾರೆ. ಹೆಚ್ಚಿನ ಕಡೆ ಸರಿ ಬರುತ್ತದೆ, ಆದರೆ ನಂಬಿ ಕೂರಬೇಡಿ. ಕ²ಗ − ಕಗ² ಎಂಬುದಕ್ಕೆ ಹೀಗೆ ಮಾಡಿದರೆ ತ³ − ತ³ = 0 ಆಗಿ ಡಿಗ್ರಿಯೇ ಮಾಯವಾಗುತ್ತದೆ. ಕ²ಗ ಮತ್ತು ಕಗ² ವಿಜಾತಿ ಪದಗಳು. ಎರಡನ್ನೂ ತ ಮಾಡಿದ್ದರಿಂದ ಇಲ್ಲದ ಸಜಾತಿ ಸಂಬಂಧ ಹುಟ್ಟಿತು.

ಸರಿಯಾದ ಬಗೆ ಎಂದರೆ ಅಕ್ಷರಗಳನ್ನು ಉಳಿಸಿಕೊಂಡೇ ಕ ಇದ್ದಲ್ಲಿ ತಕ, ಗ ಇದ್ದಲ್ಲಿ ತಗ ಎಂದು ಬರೆಯುವುದು. ಆಗ (ತಕ)²(ತಗ) − (ತಕ)(ತಗ)² = ತ³(ಕ²ಗ − ಕಗ²). ತ-ದ ಅತಿ ದೊಡ್ಡ ಘಾತಾಂಕ 3, ಅದೇ ಡಿಗ್ರಿ. ಪ್ರತಿ ಪದಕ್ಕೂ ಅದರ ಡಿಗ್ರಿಯಷ್ಟು ತ ಅಂಟಿಕೊಳ್ಳುತ್ತದೆ, ಒಂದು ಪದ ಇನ್ನೊಂದನ್ನು ತಪ್ಪಾಗಿ ಕಳೆಯುವುದಿಲ್ಲ.

ಕಂಪ್ಯೂಟರಿನಲ್ಲಿ ನೋಡುವವರಿಗೂ ಇದು ಬೇಕಾಗುತ್ತದೆ. ಕೇರಳದ ಶಾಲೆಗಳಲ್ಲಿ ಪರಿಚಿತವಾಗಿರುವ ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರಿನ ‘ಡಿಗ್ರಿ’ ಆಜ್ಞೆಗೆ ಬಹುಪದೋಕ್ತಿಯ ಜೊತೆ ಒಂದು ಚರಾಕ್ಷರವನ್ನು ಕೊಟ್ಟರೆ ಸಿಗುವುದು ಆ ಒಂದು ಅಕ್ಷರವನ್ನು ಕುರಿತ ಡಿಗ್ರಿ, ಒಟ್ಟು ಡಿಗ್ರಿಯಲ್ಲ. ತಕ, ತಗ ಎಂದು ಬದಲಿಸಿ ತ-ವನ್ನು ಕುರಿತು ಕೇಳಿದರೆ ಒಟ್ಟು ಡಿಗ್ರಿ ಸಿಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಗಣಿತ ಲೈಬ್ರರಿಯಾದ ಸಿಂಪೈಯಲ್ಲಿ ಒಂಟಿ ಅಕ್ಷರಕ್ಕೆ ‘ಡಿಗ್ರಿ’, ಒಟ್ಟಿಗೆ ‘ಟೋಟಲ್ ಡಿಗ್ರಿ’ ಎಂದು ಎರಡು ಬೇರೆ ಆಜ್ಞೆಗಳಿವೆ.

ಸೊನ್ನೆಯ ಪ್ರಶ್ನೆ

11 ಎಂಬ ಸ್ಥಿರಾಂಕದ ಡಿಗ್ರಿ 0. ಆದರೆ ಎಲ್ಲ ಪದಗಳೂ ಕಳೆದುಹೋಗಿ 0 ಮಾತ್ರ ಉಳಿದರೆ, ಆ ಶೂನ್ಯ ಬಹುಪದೋಕ್ತಿಯ ಡಿಗ್ರಿ 0 ಅಲ್ಲ; ಅದಕ್ಕೆ ಡಿಗ್ರಿ ನಿರೂಪಿಸಿಲ್ಲ ಎಂದು ಬರೆಯಬೇಕು. ಕಾರಣ ಗುಣಾಕಾರದ ನಿಯಮ. 0ಯನ್ನು ಕ²ಗ-ದಿಂದ ಗುಣಿಸಿದರೆ ಮತ್ತೆ 0ಯೇ. ಡಿಗ್ರಿ 0 ಎಂದು ಒಪ್ಪಿದರೆ 0 + 3 = 0 ಎಂದು ಹೇಳಬೇಕಾಗುತ್ತದೆ. ಮುಂದಿನ ಕ್ಲಾಸುಗಳ ಕೆಲವು ಪುಸ್ತಕಗಳು ಅದನ್ನು ಋಣ ಅನಂತ ಎಂದು ಇಟ್ಟುಕೊಳ್ಳುವುದೂ ಈ ನಿಯಮವನ್ನು ಉಳಿಸಿಕೊಳ್ಳಲಿಕ್ಕೇ.

ಕೈಯಾರೆ ಮಾಡಿ ನೋಡಲು

ಉತ್ತರವನ್ನು ಮುಚ್ಚಿಕೊಂಡು ಇವುಗಳನ್ನು ಬಿಡಿಸಿ.

7ಕ²ಗ³ − ಕ⁶ + ಗ⁴ಚ². ಪದಗಳ ಡಿಗ್ರಿ 5, 6, 6. ಎರಡು ಪದಗಳು ಸಮನಾಗಿವೆ, ಉತ್ತರ 6.

3⁷ಕಗ² − 5². ಸಂಖ್ಯೆಗಳ ಘಾತಾಂಕ ಲೆಕ್ಕಕ್ಕಿಲ್ಲ, ಉತ್ತರ 3.

(ಕಗ + ಚ)² − ಕ²ಗ². ಮೇಲಿನ ಪದ ಕಳೆದುಹೋಗಿ 2ಕಗಚ + ಚ² ಉಳಿಯುತ್ತದೆ, ಉತ್ತರ 3.

(ಕ³ − ಗ)(ಗ²ಚ + 8ಕ). ಬಿಡಿಸದೆಯೇ 3 + 3, ಉತ್ತರ 6.

ಕ²ಗ + √ಗ. ಬಹುಪದೋಕ್ತಿಯೇ ಅಲ್ಲ, ಡಿಗ್ರಿಯ ಪ್ರಶ್ನೆ ಬರುವುದಿಲ್ಲ.

(ಕ + ಗ)³ − ಕ³ − ಗ³. ಇಲ್ಲಿ ಕ³, ಗ³ ಎರಡೂ ಹೋದವು ಎಂದು 2 ಎಂದು ಬರೆಯುವ ಅವಸರ ಬೇಡ: 3ಕ²ಗ + 3ಕಗ² ಉಳಿದಿದೆ, ಉತ್ತರ 3.